ಎರಡು ಡಬ್ಬಿ, ಒಂದು ಟವೆಲು

ನಮ್ಮ ಕಾಕಾ ಪ್ರತಿ ಭಾನುವಾರ ನನ್ನ ಮದುವೆ ಮಾಡಿಸುತ್ತಾರೆ. ಒಂದು ಸಲವಲ್ಲ, ಎರಡು ಸಲ! ವರ ಅವನೇ, ಮುಹೂರ್ತ ಅದೇ, ಅಕ್ಷತೆ ಹಾಕುವ ಕೈಗಳೂ ಅವೇ. ಮೊದಲನೆಯ ಮದುವೆ ಸಾಂಗ್ಲಿಯದು, ಎರಡನೆಯದು ಮಿರಜದ್ದು. ಒಮ್ಮೆ ನನ್ನ ನಾದಿನಿಯ ಎದುರಿಗೆ ಬಾಯಿ ತಪ್ಪಿ ಇದನ್ನು ಹೇಳಿಬಿಟ್ಟೆ. ಅವಳು ನನ್ನ ಗಂಡನನ್ನು ಪಕ್ಕಕ್ಕೆ ಕರೆದು, "ವಹಿನಿಗೆ ನಿದ್ದಿ ಸರಿಯಾಗಿ ಬರತೈತಿಲ್ಲೋ?" ಎಂದು ವಿಚಾರಿಸಿದಳು.

ಆದ್ದರಿಂದ ನಿಮಗೆ ಮೊದಲಿನಿಂದಲೇ ಹೇಳುತ್ತೇನೆ. ಕಾಕಾ ಎಂದರೆ ನಮ್ಮ ಅಪ್ಪನ ತಮ್ಮ. ಸಾಂಗ್ಲಿಯ ಗಣಪತಿ ಪೇಠೆಯಲ್ಲಿ ಅರಿಸಿನದ ಅಂಗಡಿಯೊಂದರ ಮೇಲೆ ಎರಡು ಕೋಣೆ ಹಿಡಿದು ಒಬ್ಬರೇ ಇದ್ದಾರೆ. ಕಿಟಕಿಯಿಲ್ಲದ ಸಣ್ಣ ಕೋಣೆಯಲ್ಲಿ ಕಾಕಾ ಮಲಗುತ್ತಾರೆ. ಕಿಟಕಿ, ಗಾಳಿ, ಫ್ಯಾನು ಎಲ್ಲ ಇರುವ ದೊಡ್ಡ ಕೋಣೆ ಎರಡು ಹಳೆಯ ಕಂಪ್ಯೂಟರುಗಳಿಗೆ. ಒಂದರ ಡಬ್ಬಿಯ ಮೇಲೆ ಸುಣ್ಣದಲ್ಲಿ "ಸಾಂಗ್ಲಿ" ಎಂದು ಬರೆದಿದೆ, ಇನ್ನೊಂದರ ಮೇಲೆ "ಮಿರಜ". ಎರಡರ ಹೊಟ್ಟೆಯಲ್ಲೂ ಇರುವುದು ಬಡವರ ಪ್ರೊಸೆಸರ್. ಹೊಸದಾಗಿ ಬಂದ ಕಾಲದಲ್ಲೇ ಅವನ್ನು ಅಂಗಡಿಯವರು ಎದುರಿಗೆ ಇಡದೆ ಕೆಳಗಿನ ಸಾಲಿಗೆ ತಳ್ಳಿದ್ದರಂತೆ. ಈಗಂತೂ ಗುಜರಿಯವನು ನೋಡಿದರೂ ಮುಖ ತಿರುಗಿಸಿಕೊಂಡು ಹೋಗುತ್ತಾನೆ.

ಇವೆರಡರಲ್ಲಿ ಯಾವುದು ಚುರುಕು? ಕೊಟ್ಟ ದುಡ್ಡಿಗೆ ಯಾವುದು ನ್ಯಾಯ? ಇದೇ ನಮ್ಮ ಕಾಕಾನ ಪ್ರಶ್ನೆ. ಈ ಪ್ರಶ್ನೆಯ ವಿಚಾರಣೆ ವರ್ಷಗಳಿಂದ ನಡೆದಿದೆ. ಕೋರ್ಟಿನವರು ಬಂದು ನೋಡಿದರೆ ನಾಚಿಕೊಳ್ಳಬೇಕು, ಅಷ್ಟು ನಿಧಾನ.

ಪರೀಕ್ಷೆಗೆ ಬಳಸುವ ಮಾಲು ನನ್ನ ಮದುವೆಯ ವಿಡಿಯೊ. ಅದನ್ನು ಒಂದು ತರಹದಿಂದ ಇನ್ನೊಂದು ತರಹಕ್ಕೆ ಬದಲಾಯಿಸಿ ಸಣ್ಣದು ಮಾಡಬೇಕು. ಅದು ಪ್ರೊಸೆಸರಿಗೆ ಬೆವರು ಇಳಿಸುವ ಕೆಲಸ. ಪರದೆಯ ಮೇಲೆ ಒಂದು ಹಸಿರು ಪಟ್ಟಿ ಇರುವೆಯಂತೆ ಮುಂದೆ ಸರಿಯುತ್ತ ಹೋಗುತ್ತದೆ. ಅದು ಆ ತುದಿ ಮುಟ್ಟಿದರೆ ನನ್ನ ಮದುವೆ ಆಯಿತು ಎಂದರ್ಥ. ನನ್ನ ನಿಜವಾದ ಮದುವೆ ಇದಕ್ಕಿಂತ ಬೇಗ ಮುಗಿದಿತ್ತು.

ಎರಡು ಪ್ರೊಸೆಸರುಗಳ ನಡುವೆ ಏನು ವ್ಯತ್ಯಾಸ ಎಂದು ಒಮ್ಮೆ ಕೇಳಿದ್ದೆ. ಕಾಕಾ ಚಹಾದ ಬಶಿ ಕೆಳಗಿಟ್ಟು ಹೇಳಿದರು:

"ಕೇಳ ಮಗಳ. ಪ್ರೊಸೆಸರ ಅಂದ್ರ ಡಬ್ಬಿ ಒಳಗಿನ ಹಮಾಲರು. ನನ್ನ ಸಾಂಗ್ಲಿ ಡಬ್ಬ್ಯಾಗ ಇಬ್ಬರ ಅದಾರ. ಆದ್ರ ಹುರುಪಿನವರು, ಚೀಲಾ ಹೊತಗೊಂಡು ಓಡತಾರ. ಮಿರಜ ಡಬ್ಬ್ಯಾಗ ನಾಕ ಮಂದಿ. ಅವರು ನಡಕೋತ ಹೋಗತಾರ, ನಡನಡುವ ಚಹಾ ಕುಡೀತಾರ."

"ನಾಕ ಮಂದಿ ಇದ್ದರ ಕೆಲಸ ಜಲ್ದಿ ಆಗಬೇಕಲ್ರಿ ಕಾಕಾ?"

"ಇರೋದ ಒಂದ ಚೀಲಾ ಇದ್ದರ ನಾಕ ಮಂದಿ ಏನ ಮಾಡತಾರ? ಒಬ್ಬಾಂವ ಹೊರತಾನ, ಉಳದ ಮೂರು ಮಂದಿ ಅವಗ ದಾರಿ ಹೇಳತಾರ."

ನಾನು ಮಿರಜದ ಒಂದು ಶಾಲೆಯ ಆಫೀಸಿನಲ್ಲಿ ಕೆಲಸ ಮಾಡುವವಳು. ಕಂಪ್ಯೂಟರಿನ ಬಗ್ಗೆ ಇಷ್ಟು ಸರಳವಾದ ಮಾತನ್ನು ನಾನು ಯಾವ ತರಬೇತಿಯಲ್ಲೂ ಕೇಳಿರಲಿಲ್ಲ. ನಮ್ಮ ಆಫೀಸಿಗೂ ಅದು ಹಾಗೆಯೇ ಹೊಂದುತ್ತಿತ್ತು.

ತೂಗಿ ನೋಡುವುದು ಕಾಕಾನ ರಕ್ತದಲ್ಲೇ ಇದೆ. ಕಲ್ಲಂಗಡಿ ಕೊಳ್ಳುವಾಗ ಎರಡು ಹಣ್ಣು ಎರಡು ಕೈಯಲ್ಲಿ ಹಿಡಿದು ಬಡಿಯುತ್ತ ನಿಂತರೆ ಗಾಡಿಯವನೇ ಬೇಸತ್ತು ಎರಡನ್ನೂ ಕೊಟ್ಟು ಕಳಿಸಬೇಕು. ಅವರ ಮದುವೆ ಯಾಕೆ ಆಗಲಿಲ್ಲ ಎಂದುಕೊಂಡಿರಿ? ವಯಸ್ಸಿನಲ್ಲಿ ಇಬ್ಬರು ಕನ್ಯೆಯರ ಪ್ರಸ್ತಾಪ ಒಟ್ಟಿಗೆ ಬಂದಿದ್ದವಂತೆ, ಒಂದು ಮಾಧವನಗರದ್ದು, ಒಂದು ಹರಿಪುರದ್ದು. ಮಾಧವನಗರದ ಹುಡುಗಿಯ ನಡೆ ಚೆನ್ನ, ಹರಿಪುರದ ಹುಡುಗಿಯ ನುಡಿ ಚೆನ್ನ. ಕಾಕಾ ತೂಗಿದರು, ಮತ್ತೆ ತೂಗಿದರು. ಹೋಲಿಕೆ ಮುಗಿಯುವಷ್ಟರಲ್ಲಿ ಇಬ್ಬರೂ ಹುಡುಗಿಯರ ಮಕ್ಕಳು ಶಾಲೆಗೆ ಹೋಗತೊಡಗಿದ್ದರು.

ಇಂಥ ಕಾಕಾನಿಗೆ ಜೀವನದಲ್ಲಿ ತೂಕಕ್ಕೆ ಸರಿಯಾಗಿ ಸಿಕ್ಕವರು ಒಬ್ಬರೇ: ಆರಗದ ಅಣ್ಣಾ.

ಅಣ್ಣಾ ಮೂಲತಃ ಆರಗದ ಜೈನರು, ಮಿರಜದಲ್ಲಿ ಮನೆ ಮಾಡಿಕೊಂಡಿದ್ದರು. ಕಾಕಾ ಮತ್ತು ಅಣ್ಣಾ ಇಬ್ಬರೂ ಅರಿಸಿನದ ದಲಾಲರು. ಕಾಕಾ ಕೊಳ್ಳುವವರ ಪರ, ಅಣ್ಣಾ ಮಾರುವ ರೈತರ ಪರ. ಆ ಕಾಲದ ಸೌದಾ ಬಾಯಿಂದ ಆಗುತ್ತಿರಲಿಲ್ಲ. ಎದುರುಬದುರು ಕುಳಿತು, ಕೈಗಳ ಮೇಲೆ ಒಂದು ಟವೆಲು ಹೊದಿಸಿ, ಅದರ ಮರೆಯಲ್ಲಿ ಒಬ್ಬರ ಬೆರಳನ್ನು ಇನ್ನೊಬ್ಬರು ಒತ್ತಿ ದರ ಹೇಳುತ್ತಿದ್ದರು. ಸುತ್ತ ನಿಂತವರಿಗೆ ಟವೆಲು ಅಲುಗುವುದಷ್ಟೇ ಕಾಣುತ್ತಿತ್ತು. ದರ ಒಪ್ಪಿಗೆಯಾಗದಿದ್ದರೆ ಬೆರಳು ಕೊಡವಿ ಬಿಡುವುದು. ಒಪ್ಪಿಗೆಯಾದರೆ ಇಡೀ ಹಸ್ತವನ್ನು ಗಟ್ಟಿಯಾಗಿ ಹಿಡಿಯುವುದು. ಹಸ್ತ ಹಿಡಿದರೆ ಸೌದಾ ಮುಗಿಯಿತು, ಆಮೇಲೆ ಮಾತಿಲ್ಲ. ವ್ಯವಹಾರದ ದಿನಗಳಲ್ಲಿ ಕಾಕಾ ಮತ್ತು ಅಣ್ಣಾ ಬಾಯಿಂದ ಆಡಿದ ಮಾತಿಗಿಂತ ಬೆರಳಿನಿಂದ ಆಡಿದ್ದೇ ಹೆಚ್ಚು.

ಆಮೇಲೆ ಕಾಲ ಬದಲಾಯಿತು. ಟವೆಲು ಹೋಯಿತು, ಕೂಗಿ ಹರಾಜು ಬಂತು. ಕೂಗು ಹೋಯಿತು, ಪರದೆ ಬಂತು. ಇನ್ನು ಮುಂದೆ ದರ ಕಂಪ್ಯೂಟರಿನಲ್ಲಿ ಹಾಕಬೇಕು, ಎಲ್ಲ ದಲಾಲರೂ ಕಲಿಯಬೇಕು ಎಂದಾಯಿತು. ಅರವತ್ತರ ಹತ್ತಿರ ಬಂದಿದ್ದ ಇಬ್ಬರು ಗೆಳೆಯರು ಸಾಂಗ್ಲಿ–ಮಿರಜ ರಸ್ತೆಯ ಒಂದು ಅಂಗಡಿಗೆ ಕಂಪ್ಯೂಟರ್ ಕೊಳ್ಳಲು ಹೋದರು. ಅಗ್ಗದ್ದರಲ್ಲಿ ಎರಡು ತರಹ ಇದ್ದವು. ಒಂದರಲ್ಲಿ ಎರಡು ಕೋರ್, ಓಟ ಜಾಸ್ತಿ. ಇನ್ನೊಂದರಲ್ಲಿ ನಾಲ್ಕು ಕೋರ್, ಓಟ ಕಡಿಮೆ. "ಕೋರ್ ಅಂದ್ರ ಏನ್ರಿ?" ಎಂದು ಕಾಕಾ ಕೇಳಿದರು. ಅಂಗಡಿಯವನು "ಕೆಲಸಗಾರ ಅಂತ ತಿಳಕೋರಿ" ಎಂದುಬಿಟ್ಟ. ಪಾಪ, ತಾನು ಎಂಥ ಕಿಡಿ ಹಚ್ಚಿದೆ ಎಂದು ಅವನಿಗೆ ಗೊತ್ತಾಗಲಿಲ್ಲ. ಅಂಗಡಿ ಬಾಗಿಲು ಹಾಕುವ ತನಕ ಇಬ್ಬರೂ ಅಲ್ಲೇ ವಾದಿಸಿದರು. ಕೊನೆಗೆ ಕಾಕಾ ಇಬ್ಬರು ಹಮಾಲರನ್ನು ಕರೆದುಕೊಂಡು ಸಾಂಗ್ಲಿಗೆ ಬಂದರು, ಅಣ್ಣಾ ನಾಲ್ವರು ಹಮಾಲರನ್ನು ಕರೆದುಕೊಂಡು ಮಿರಜಕ್ಕೆ ಹೋದರು.

ದಲಾಲಿ ಕೆಲಸ ಇಬ್ಬರಿಗೂ ಪರದೆಯ ಮೇಲೆ ಒಗ್ಗಲಿಲ್ಲ. ಕೆಲವೇ ದಿನಗಳಲ್ಲಿ ಇಬ್ಬರೂ ಬಿಟ್ಟುಬಿಟ್ಟರು. ಉಳಿದದ್ದು ಎರಡು ಕಂಪ್ಯೂಟರು ಮತ್ತು ಆ ವಾದ. ಪ್ರತಿ ಭಾನುವಾರ ಅಣ್ಣಾ ತಮ್ಮ ಡಬ್ಬಿಯನ್ನು ಚೀಲದಲ್ಲಿ ಹಾಕಿಕೊಂಡು ಬಸ್ಸು ಹತ್ತಿ ಸಾಂಗ್ಲಿಗೆ ಬರುತ್ತಿದ್ದರು. ಪೋಹೆ ತಿಂದು ಪರೀಕ್ಷೆ ಶುರು. ಪರೀಕ್ಷೆ ಮುಗಿದ ಮೇಲೆ ಟವೆಲು. ಹೆಬ್ಬೆರಳು ಒತ್ತಿದರೆ ಸಾಂಗ್ಲಿ ಗೆದ್ದಿತು, ಕಿರುಬೆರಳು ಒತ್ತಿದರೆ ಮಿರಜ. ಕಾಕಾ ಹೆಬ್ಬೆರಳು ಬಿಡುತ್ತಿರಲಿಲ್ಲ, ಅಣ್ಣಾ ಕಿರುಬೆರಳು ಬಿಡುತ್ತಿರಲಿಲ್ಲ.

"ಲಾರಿ ತುಂಬ ಮಾಲ ಬಂದಾಗ ನಿನ್ನ ಇಬ್ಬರು ಹಮಾಲರು ಏನ ಮಾಡತಾರೋ? ನಮ್ಮ ಮಿರಜದ ದವಾಖಾನಿಗೆ ಬಂದ ಮಲಗತಾರ," ಎನ್ನುತ್ತಿದ್ದರು ಅಣ್ಣಾ.

"ನಿನ್ನ ನಾಕ ಮಂದಿ ತಿನ್ನೋ ಕರೆಂಟಿನ್ಯಾಗ ನಾ ಹಿಟ್ಟಿನ ಗಿರಣಿ ನಡಸೇನು," ಎನ್ನುತ್ತಿದ್ದರು ಕಾಕಾ. ಇದರಲ್ಲಿ ಸತ್ಯವೂ ಇತ್ತು. ಮಿರಜ ಡಬ್ಬಿ ಕೆಲಸಕ್ಕೆ ಇಳಿದರೆ ಅದರ ಫ್ಯಾನಿನ ಸದ್ದಿಗೆ ಕೆಳಗಿನ ಅಂಗಡಿಯವರು ಮೇಲೆ ನೋಡುತ್ತಿದ್ದರು.

ಫಲಿತಾಂಶವನ್ನು ಎಲ್ಲಿಯಾದರೂ ಬರೆದಿಟ್ಟಿದ್ದರೆ ಮುಂದಿನ ವಾರ ಮತ್ತೆ ಮೊದಲಿನಿಂದ ಶುರು ಮಾಡುವುದು ತಪ್ಪುತ್ತಿತ್ತಲ್ಲ? ನಾನೂ ಹಾಗೇ ಹೇಳಿದ್ದೆ. ಇಬ್ಬರೂ ನನ್ನನ್ನು ಕೆಟ್ಟ ಶಬ್ದ ಆಡಿದವಳ ಹಾಗೆ ನೋಡಿದರು. "ಟವೆಲದಾಗಿನ ಮಾತು ಕಾಗದಕ್ಕ ಬರಂಗಿಲ್ಲ," ಎಂದರು ಕಾಕಾ. ಆ ಒಂದು ಮಾತಿಗೆ ಮಾತ್ರ ಅಣ್ಣಾ ಒಪ್ಪಿ ತಲೆಯಾಡಿಸಿದರು.

ಅಣ್ಣಾ ತೀರಿಕೊಂಡದ್ದು ಒಂದು ಬೇಸಿಗೆಯಲ್ಲಿ, ಏನೂ ಸುದ್ದಿಯಿಲ್ಲದೆ, ಮಧ್ಯಾಹ್ನ ಮಲಗಿದಲ್ಲೇ. ಅವರ ಮನೆಯವರು ಹಳೆಯ ಸಾಮಾನು ತೆಗೆಯುವಾಗ ಕಾಕಾ ಹೋಗಿ ಆ ಡಬ್ಬಿಯನ್ನು ಕೇಳಿ ತಂದರು. ಬಸ್ಸಿನಲ್ಲಿ ತೊಡೆಯ ಮೇಲೆ ಇಟ್ಟುಕೊಳ್ಳಲಿಲ್ಲ. ಪಕ್ಕದ ಸೀಟಿನಲ್ಲಿ ಕೂರಿಸಿ, ಅದಕ್ಕೂ ಒಂದು ಟಿಕೀಟು ಕೇಳಿದರು. ಕಂಡಕ್ಟರು ಲಗೇಜಿನ ಟಿಕೀಟು ಹರಿಯಲು ಹೋದ.

"ಲಗೇಜ ಅಲ್ಲರಿ, ಪೂರ್ತಿ ಟಿಕೀಟು ಕೊಡ್ರಿ," ಎಂದರು ಕಾಕಾ. "ಅವರಿಗೆ ಅರವತ್ತೈದು ದಾಟಿಲ್ಲ, ಸವಲತ್ತು ಬರಂಗಿಲ್ಲ."

ಇದನ್ನು ಕಾಕಾನೇ ನನಗೆ ಹೇಳಿದ್ದು. ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. ಕಾಕಾ ನಗಲಿಲ್ಲ. ಯಾಕೆಂದು ನನಗೆ ಆಗ ತಿಳಿಯಲಿಲ್ಲ.

ಅಂದಿನಿಂದ ತೀರ್ಪು ಹೇಳುವ ಪಂಚರ ಕೆಲಸ ನನ್ನ ಪಾಲಿಗೆ ಬಂತು. ಭಾನುವಾರ ಬೆಳಿಗ್ಗೆ ಫೋನು: "ಹಮಾಲರು ಬಂದ ಕುಂತಾರ. ಯಾವಾಗ ಬರ್ತಿ?" ನಾನು ಮನೆಯ ಕೆಲಸ ಮುಗಿಸಿ ಸಾಂಗ್ಲಿಗೆ ಹೋಗಬೇಕು. ಹೋದರೆ ಪೋಹೆ. ಆ ಪೋಹೆಯ ಬಗ್ಗೆ ಎರಡು ಮಾತು ಹೇಳಲೇಬೇಕು. ಅದರಲ್ಲಿ ಉಳ್ಳಾಗಡ್ಡಿ ಇರುವುದಿಲ್ಲ! ಉಳ್ಳಾಗಡ್ಡಿಯಿಲ್ಲದ ಪೋಹೆ ಎಂದರೆ ಒದ್ದೆ ಮಾಡಿದ ಅವಲಕ್ಕಿ, ಅಷ್ಟೇ. ಚುರಮುರಿಯ ಭಡಂಗ ಮಾಡಿದರೂ ಬಳ್ಳೊಳ್ಳಿ ಇಲ್ಲ. ಸಾಂಗ್ಲಿಯಲ್ಲಿ ಹುಟ್ಟಿ ಬಳ್ಳೊಳ್ಳಿಯಿಲ್ಲದ ಭಡಂಗ ತಿನ್ನುವ ದೌರ್ಭಾಗ್ಯ ಯಾರಿಗಿದೆ, ಹೇಳಿ. ಉಳಿದ ದಿನ ಕಾಕಾ ತಾವೇ ಜೋಳದ ರೊಟ್ಟಿಗೆ ಹಸಿ ಉಳ್ಳಾಗಡ್ಡಿ ಗುದ್ದಿಕೊಂಡು ತಿನ್ನುವವರು. ಭಾನುವಾರ ಮಾತ್ರ ಈ ಶಿಕ್ಷೆ. ಯಾಕೆ ಎಂದು ಕೇಳಿದರೆ "ಹಮಾಲರಿಗೆ ವಾಸನಿ ಆಗಂಗಿಲ್ಲ" ಎನ್ನುತ್ತಿದ್ದರು. ಇನ್ನೊಂದು ನಿಯಮ, ಪರೀಕ್ಷೆ ಹೊತ್ತು ಮುಳುಗುವ ಮುಂಚೆ ಮುಗಿಯಬೇಕು. ಮದುವೆಯ ಹಸಿರು ಪಟ್ಟಿ ಎಲ್ಲಿಗೇ ಬಂದಿರಲಿ, ಬಿಸಿಲು ಎದುರಿನ ಗೋಡೆಯಿಂದ ಇಳಿದರೆ ಕಾಕಾ ಬಟನ್ ಒತ್ತಿ ಆರಿಸಿಬಿಡುತ್ತಿದ್ದರು. ಎಷ್ಟೋ ಭಾನುವಾರ ನಾನು ಅರ್ಧ ಮಾತ್ರ ಮದುವೆಯಾಗಿ ಮಿರಜಕ್ಕೆ ಮರಳಿದ್ದೇನೆ.

ಪಟ್ಟಿ ಪೂರ್ತಿಯಾದ ದಿನ ಚಿತ್ರ ಒಡೆದಿದೆಯೇ ಎಂದು ಪರೀಕ್ಷಿಸುವುದಿತ್ತು. "ನಿನ್ನ ಸೀರಿ ಅಂಚು ನೋಡೂಣು, ಬಣ್ಣಾ ಬಿಟ್ಟೈತೇನು," ಎಂದು ಕಾಕಾ ಪ್ರತಿ ಸಲವೂ ಒಂದೇ ಜಾಗ ತೆಗೆಯುತ್ತಿದ್ದರು. ಅಕ್ಷತೆ ಮುಗಿದು ನಾನು ಹಿರಿಯರ ಕಾಲಿಗೆ ಬೀಳುತ್ತ ಹೋಗುವ ಜಾಗ. ನನಗೂ ಖುಷಿಯೇ. ಆಗ ನಾನು ತೆಳ್ಳಗಿದ್ದೆ.

ಕೊನೆಗೆ ಟವೆಲು. ನಾನು ಜಾಣೆ, ಪ್ರತಿ ಸಲ ಹೆಬ್ಬೆರಳು ಒತ್ತುತ್ತಿದ್ದೆ. ಸಾಂಗ್ಲಿ ಗೆದ್ದರೆ ಕಾಕಾನಿಗೆ ಸಂತೋಷ, ನನಗೆ ಬೇಗ ಬಸ್ಸು. ಆದರೆ ಗೆದ್ದವರ ಮುಖ ಅಷ್ಟು ಸಪ್ಪಗೆ ಇದ್ದದ್ದನ್ನು ನಾನು ಎಲ್ಲೂ ನೋಡಿಲ್ಲ. "ಹಂಗಂತಿ? ಆತು," ಎಂದು ಟವೆಲು ಮಡಚಿ ಇಡುತ್ತಿದ್ದರು. ನಾನು ಮೆಟ್ಟಿಲು ಇಳಿಯುವ ತನಕ ಬಾಗಿಲಲ್ಲೇ ನಿಂತಿರುತ್ತಿದ್ದರು. ಆ ಮೆಟ್ಟಿಲನ್ನು ಭಾನುವಾರ ನಾನು ಬಿಟ್ಟರೆ ಬೇರೆ ಯಾರೂ ಹತ್ತುತ್ತಿರಲಿಲ್ಲ.

ಅಣ್ಣಾ ಹೋದ ಮರುವರ್ಷ ಕೃಷ್ಣಾ ನದಿ ಊರೊಳಗೆ ಬಂತು. ಪೇಠೆಯಲ್ಲಿ ದೋಣಿ ಓಡಾಡಿದವು. ಕೆಳಗಿನ ಅಂಗಡಿ ಪೂರ್ತಿ ನೀರು, ಕಾಕಾ ಮೇಲಿನ ಕೋಣೆಯಲ್ಲಿ. ದೋಣಿಯವನು ಕಿಟಕಿಯ ಕೆಳಗೆ ಬಂದು, "ಒಂದ ಗಂಟ ತಗೊಂಡ ಇಳೀರಿ, ಎರಡಕ್ಕ ಜಾಗಾ ಇಲ್ಲ," ಎಂದನಂತೆ. ಜೀವನದಲ್ಲಿ ಎರಡರಲ್ಲಿ ಒಂದನ್ನು ಆರಿಸಲಾಗದ ಮನುಷ್ಯ! ನೀರು ಏರುತ್ತಿದೆ, ದೋಣಿಯವನು ಬೈಯುತ್ತಿದ್ದಾನೆ. ಅರಿವೆ ಅಂಚಡಿ ಎಲ್ಲ ಅಲ್ಲೇ ಬಿಟ್ಟು, ಒಂದು ಡಬ್ಬಿಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಎದೆಗೆ ಅವಚಿಕೊಂಡು ಕಾಕಾ ಕಿಟಕಿಯಿಂದ ಇಳಿದರು. ಮಿರಜದ ನಮ್ಮ ಮನೆಯ ಬಾಗಿಲಿಗೆ ಬಂದಾಗ ಮೈಯೆಲ್ಲ ಒದ್ದೆ, ಡಬ್ಬಿ ಮಾತ್ರ ಒಣ. ಚೀಲ ಬಿಚ್ಚಿ ನೋಡಿದೆ. ಮೇಲೆ ಸುಣ್ಣದಲ್ಲಿ "ಮಿರಜ" ಎಂದಿತ್ತು.

"ಕಾಕಾ, ನಿಮ್ಮದನ್ನ ಬಿಟ್ಟ ಬಂದೀರಲ್ರಿ?"

"ನಂದಕ್ಕ ಈಜ ಬರತೈತಿ," ಎಂದರು ಕಾಕಾ, ತಲೆ ಒರೆಸಿಕೊಳ್ಳುತ್ತ.

ನೀರು ಮೇಲಿನ ಕೋಣೆಗೆ ಬರಲಿಲ್ಲ. ಸಾಂಗ್ಲಿ ಡಬ್ಬಿಯೂ ಉಳಿಯಿತು. ನಾವು ಇದನ್ನು ಎಷ್ಟೋ ಊಟದ ಪಂಕ್ತಿಗಳಲ್ಲಿ ಹೇಳಿ ನಗಿಸಿದೆವು.

ಇನ್ನು ನನ್ನ ಗಂಡನ ವಿಷಯಕ್ಕೆ ಬರಬೇಕು. ಅವರದು ಮಿರಜದಲ್ಲಿ ಔಷಧದ ಅಂಗಡಿ. ಲೋಕದ ಎಲ್ಲ ತೊಂದರೆಗೂ ಒಂದು ಗುಳಿಗೆ ಇದ್ದೇ ಇದೆ, ಹುಡುಕಿ ಕೊಟ್ಟರಾಯಿತು ಎಂದು ನಂಬಿದ ಒಳ್ಳೆಯ ಮನುಷ್ಯ. ಇತ್ತೀಚೆಗೆ ಒಂದು ಭಾನುವಾರ ಅಂಗಡಿಗೆ ಬಿಡುವಿತ್ತು, ನನ್ನ ಜೊತೆ ಸಾಂಗ್ಲಿಗೆ ಬಂದರು. ಬಂದು, ಬಿಸಿಲು ಗೋಡೆಯಿಂದ ಇಳಿಯುವ ತನಕ ತಮ್ಮದೇ ಮದುವೆಯ ಹಸಿರು ಪಟ್ಟಿಯನ್ನು ನೋಡುತ್ತ ಕುಳಿತರು. ಅವರಿಗೆ ಕಾಕಾನ ಮೇಲೆ ಕನಿಕರ ಹುಟ್ಟಿತು. ಫೋನು ತೆಗೆದರು.

"ಕಾಕಾ, ಇದಕ್ಕೆಲ್ಲಾ ಇಷ್ಟ ತ್ರಾಸ ಯಾಕ್ರಿ? ಎರಡೂ ಪ್ರೊಸೆಸರ ಯಾರೋ ಪುಣ್ಯಾತ್ಮರು ಆವಾಗ ಪರೀಕ್ಷಾ ಮಾಡಿ ಹಾಕ್ಯಾರ, ಇಲ್ಲೇ ಐತಿ ನೋಡ್ರಿ. ದಿನಾ ಮಾಡೋ ಸಣ್ಣ ಕೆಲಸದಾಗ ನಿಮ್ಮದ ಮುಂದ. ವಿಡಿಯೊ ಕೆಲಸದಾಗ ಹೆಚ್ಚೂಕಡಿಮಿ ಸರೀಸಮ. ಕರೆಂಟ ತಿನ್ನೋದು ನಿಮ್ಮದ ಕಡಿಮಿ, ರೇಟೂ ಕಡಿಮಿ. ಆತು, ನೀವ ಗೆದ್ದಿರಿ."

ಕಾಕಾ ಫೋನನ್ನೇ ನೋಡುತ್ತಿದ್ದರು.

"ಮತ್ತ ಖರೆ ಹೇಳಬೇಕಂದ್ರ," ಎಂದು ನನ್ನ ಗಂಡ ಎರಡನೆಯ ಗುಳಿಗೆಯನ್ನೂ ಕೊಟ್ಟರು, "ಈ ಫೋನಿನ ಮುಂದ ಎರಡೂ ಏನಲ್ಲ. ಆ ಮಿರಜ ಡಬ್ಬಿ ತಗದಬಿಡ್ರಿ, ಜಾಗಾ ಆಗತೈತಿ. ಒಂದ ಮಂಚಾ ಹಾಕೋಣು, ಈ ಕೋಣ್ಯಾಗ ಗಾಳ್ಯಾಗ ಮಲಗ್ರಿ."

ಹೇಳಿದ್ದರಲ್ಲಿ ಒಂದಕ್ಷರವೂ ತಪ್ಪಿರಲಿಲ್ಲ. ಕಾಕಾ, "ಛೊಲೋ ಆತರಿ ಜಾವಾಯಿಬಾಪು. ಒಂದ ಕಟಕಟಿ ಹೋತು," ಎಂದರು. ಆಮೇಲೆ ಟವೆಲನ್ನು ತೆಗೆದುಕೊಂಡು ಬಂದು ಎರಡು ಡಬ್ಬಿಗಳ ಮೇಲೆ ಹೊದಿಸಿ, ಅಂಚು ಎಳೆದು ಸರಿಮಾಡಿದರು. ಆ ದಿನ ಯಾರೂ ಯಾರ ಬೆರಳನ್ನೂ ಒತ್ತಲಿಲ್ಲ. ಬಸ್ಸಿನಲ್ಲಿ ನನ್ನ ಗಂಡ, "ನೋಡ, ಐದ ನಿಮಿಷದ ಕೆಲಸ," ಎಂದು ನನಗೆ ಹೇಳಿದರು.

ಮುಂದಿನ ಭಾನುವಾರ ಫೋನು ಬರಲಿಲ್ಲ. ಅದರ ಮುಂದಿನ ಭಾನುವಾರವೂ ಇಲ್ಲ. ನನಗೆ ವರ್ಷಗಳ ಮೇಲೆ ಒಂದು ಬಿಡುವಿನ ಭಾನುವಾರ ಸಿಕ್ಕಿತ್ತು. ಕಪಾಟು ಜೋಡಿಸಿದೆ. ಮಧ್ಯಾಹ್ನ ಮಲಗಿದೆ. ಎದ್ದು ಕುಳಿತರೆ ಏನು ಮಾಡಬೇಕೆಂದು ತೋಚಲಿಲ್ಲ. ನಾನೇ ಫೋನು ಮಾಡಿದರೆ ಕಾಕಾ, "ಆರಾಮ ಅದೇನಿ. ಬಿಸಲಾಗ ಯಾಕ ಬರ್ತಿ, ಈಗ ಏನ ಕೆಲಸ ಐತಿ ಇಲ್ಲೆ?" ಎಂದು ಇಟ್ಟುಬಿಟ್ಟರು. ಕೆಲಸವಿಲ್ಲದೆ ಯಾರನ್ನಾದರೂ ಕರೆಯಬಹುದು ಎಂಬುದು ಕಾಕಾನಿಗೆ ಗೊತ್ತೇ ಇರಲಿಲ್ಲ. ಇಡೀ ಆಯುಷ್ಯದಲ್ಲಿ ಅವರ ಹತ್ತಿರ ಬಂದವರೆಲ್ಲ ಸೌದಾಕ್ಕೆ ಬಂದವರೇ.

ಆ ಇಡೀ ವಾರ ನನ್ನನ್ನು ಅದೇ ಮಾತು ಕಾಡಿತು. ಶನಿವಾರ ಗಂಡನ ಹತ್ತಿರ ಹೇಳಿದೆ. ಅವರು, "ನಾ ತಪ್ಪ ಗುಳಿಗಿ ಕೊಟ್ಟೆ ಅನಸತೈತಿ," ಎಂದರು. ಒಳ್ಳೆಯ ಮನುಷ್ಯ ಎಂದು ಮೊದಲೇ ಹೇಳಿದೆನಲ್ಲ.

ಮರುದಿನ ಕರೆಯದೇ ಹೋದೆ. ಬಾಗಿಲು ತೆರೆದೇ ಇತ್ತು. ಕಾಕಾ ಕುರ್ಚಿಯಲ್ಲಿ ಕುಳಿತು ಕಿಟಕಿಯ ಹೊರಗೆ ನೋಡುತ್ತಿದ್ದರು. ಡಬ್ಬಿಗಳ ಮೇಲೆ ಟವೆಲು ಹಾಗೇ ಇತ್ತು, ಅದರ ಮೇಲೆ ಕೆಳಗಿನ ಅಂಗಡಿಯ ಅರಿಸಿನದ ಧೂಳು ತೆಳ್ಳಗೆ ಕೂತಿತ್ತು. ನನ್ನನ್ನು ನೋಡಿ ಗಡಬಡಿಸಿ ಎದ್ದರು.

"ಬಾ, ಕುಂದರು. ಪೋಹೆ ಅದಾವ, ಈಗ ಮಾಡಿದ್ದ."

ತಟ್ಟೆ ತಂದುಕೊಟ್ಟರು. ಬಿಸಿ ಪೋಹೆ, ಮೇಲೆ ಕೊತ್ತಂಬರಿ. ಜೊತೆಗೆ ಉಳ್ಳಾಗಡ್ಡಿ! ಕೆಂಪಗೆ ಹುರಿದ, ಘಮಘಮ ಎನ್ನುವ ಉಳ್ಳಾಗಡ್ಡಿ. ಇಷ್ಟು ವರ್ಷ ನಾನು ಬೇಡಿ ಬೇಡಿ ಸೋತಿದ್ದ ಉಳ್ಳಾಗಡ್ಡಿ. ಒಂದು ಚಮಚ ಬಾಯಿಗೆ ಇಟ್ಟೆ. ಆಗ ನೆನಪಾಯಿತು.

ಉಳ್ಳಾಗಡ್ಡಿ ಬಳ್ಳೊಳ್ಳಿ ತಿನ್ನದವರು ಅಣ್ಣಾ. ಹೊತ್ತು ಮುಳುಗುವ ಮುಂಚೆ ಊಟ ಮುಗಿಸಬೇಕೆಂದು ಎದ್ದು ಹೋಗುತ್ತಿದ್ದವರು ಅಣ್ಣಾ. ಅವರು ತೀರಿಕೊಂಡ ಮೇಲೂ ಕಾಕಾ ಪ್ರತಿ ಭಾನುವಾರ ಅವರಿಗೆ ಆಗುವ ಅಡುಗೆಯನ್ನೇ ಮಾಡುತ್ತಿದ್ದರು, ಅವರು ಏಳುವ ಹೊತ್ತಿಗೇ ಆಟ ಮುಗಿಸುತ್ತಿದ್ದರು. ನಾನು ಇಷ್ಟು ವರ್ಷ ಅಣ್ಣಾನ ಪಾಲಿನ ಪೋಹೆ ತಿಂದು ರುಚಿಯಿಲ್ಲ ಎಂದು ಗೊಣಗಿದ್ದೆ. ಇವತ್ತು ಕಾಕಾ ಉಳ್ಳಾಗಡ್ಡಿ ಹಾಕಿದ್ದರು. ಎಂದರೆ ಇನ್ನು ಅಣ್ಣಾ ಬರುವುದಿಲ್ಲ.

"ಹೆಂಗ ಆಗ್ಯಾವು?" ಎಂದು ಕೇಳಿದರು ಕಾಕಾ.

ತಟ್ಟೆ ಕೆಳಗಿಟ್ಟೆ. "ಕಾಕಾ, ಆ ಫೋನಿನ ತೀರ್ಪ ನಾ ಒಪ್ಪಂಗಿಲ್ಲರಿ."

"ಅಂದ್ರ?"

"ಅವರು ಒಂದ ಚೀಲಾ ಹೊರಿಸಿ ನೋಡ್ಯಾರ. ಲಾರಿ ತುಂಬ ಮಾಲ ಬಂದಾಗ ನಿಮ್ಮ ಇಬ್ಬರು ಏನ ಮಾಡತಾರ್ರಿ? ಮದವಿ ನಡಸರಿ, ಜೋಡಿ ಹಾಡ ಹಚ್ಚರಿ, ಮ್ಯಾಲ ಇನ್ನೊಂದು ಪಿಚ್ಚರ ಹಚ್ಚರಿ. ಆಗ ನೋಡೂಣು ಯಾರ ಉಸರ ಬಿಡತಾರ. ನಾ ಮಿರಜದಾಕಿ. ಮಿರಜದ ಪರ ಇನ್ನ ಮ್ಯಾಲ ನಾ ಕುಂದರತೇನಿ."

ಕಾಕಾ ನನ್ನ ಮುಖ ನೋಡಿದರು.

"ಇದ ಮಾತ ಅಂತಿದ್ದ ಆಂವ," ಎಂದರು. "ಸುಳ್ಳ ಬೊಗಳತಿದ್ದ." ಎದ್ದು ಟವೆಲು ಕೊಡವಿದರು. ಕೋಣೆಯ ತುಂಬ ಅರಿಸಿನ ಹಾರಿ ಇಬ್ಬರಿಗೂ ಸೀನು ಬಂತು.

ನನ್ನ ಮದುವೆ ಮತ್ತೆ ಶುರುವಾಯಿತು. ಈ ಸಲ ಜೊತೆಗೆ ಹಾಡು, ಜೊತೆಗೆ ಒಂದು ಸಿನಿಮಾ. ಸಾಂಗ್ಲಿಯ ಹಾಡು ನಡುನಡುವೆ ಬಿಕ್ಕಳಿಸಿತು. ಮಿರಜದ ಫ್ಯಾನು ಗಿರಣಿಯಂತೆ ಕೂಗಿತು, ಆದರೆ ಹಾಡು ನಿಲ್ಲಲಿಲ್ಲ. "ಬಿಕ್ಕತು, ಬಿಕ್ಕತು," ಎಂದು ನಾನು ತೋರಿಸಿದೆ. "ಅದು ಹಾಡಾವನ ಧಾಟಿ," ಎಂದರು ಕಾಕಾ. ನಾವು ಜಗಳಾಡಿದೆವು. ಕೆಳಗಿನ ಅಂಗಡಿಯವನು ಮೆಟ್ಟಿಲ ಹತ್ತಿರ ಬಂದು, "ಕಾಯ್ ಝಾಲಂ, ಏನಾತ್ರಿ, ಎಲ್ಲಾ ಬರೋಬರಿ ಐತಲ್ರಿ?" ಎಂದು ಕೇಳಿ ಹೋದ.

ಹಸಿರು ಪಟ್ಟಿಗಳು ತುದಿ ಮುಟ್ಟಿದವು. ಸೀರೆಯ ಅಂಚು ನೋಡುವ ಹೊತ್ತು ಬಂತು. ಕಾಕಾ ಅದೇ ಜಾಗ ತೆಗೆದರು. ನಾನು ಈ ಸಲ ನನ್ನನ್ನು ನೋಡಿಕೊಳ್ಳಲಿಲ್ಲ. ನನ್ನ ಸೀರೆಯ ಹಿಂದೆ, ಮಂಟಪದ ಮೂಲೆಯಲ್ಲಿ, ಇಬ್ಬರು ಗೃಹಸ್ಥರು ಎದುರುಬದುರು ಕುಳಿತಿದ್ದರು. ಕೈಗಳ ಮೇಲೆ ಟವೆಲು. ಮಂಗಳವಾದ್ಯ, ಗದ್ದಲ, ಯಾವುದರ ಪರಿವೆಯೂ ಇಲ್ಲ. ಅಣ್ಣಾ ಏನೋ ಒತ್ತಿದರು, ಕಾಕಾ ತ್ವರೆಯಿಂದ ಕೈ ಕೊಡವಿದರು, ಇಬ್ಬರೂ ನಕ್ಕರು. ಅಷ್ಟರಲ್ಲಿ ನನ್ನ ಸೀರೆಯ ಅಂಚು ಅಡ್ಡ ಬಂತು.

"ಬಣ್ಣಾ ಬಿಟ್ಟಿಲ್ಲ," ಎಂದರು ಕಾಕಾ.

"ಬಿಟ್ಟಿಲ್ಲರಿ," ಎಂದೆ.

ಎದುರುಬದುರು ಕುಳಿತೆವು. ಟವೆಲು ಹೊದಿಸಿಕೊಂಡೆವು. ನಾನು ಜೀವಮಾನದಲ್ಲಿ ಮೊದಲ ಸಲ ಕಿರುಬೆರಳು ಹುಡುಕಿ ಗಟ್ಟಿಯಾಗಿ ಒತ್ತಿದೆ. ಮಿರಜ. ಕಾಕಾ ಅದನ್ನು ಕೊಡವಿ ನನ್ನ ಹೆಬ್ಬೆರಳು ಒತ್ತಿದರು. ಸಾಂಗ್ಲಿ. ನಾನು ಮತ್ತೆ ಕಿರುಬೆರಳು. ಅವರು ಮತ್ತೆ ಹೆಬ್ಬೆರಳು. ಅವರ ಮುಖ ಅರಳುತ್ತಿತ್ತು. ಎದುರಿನ ಗೋಡೆಯ ಬಿಸಿಲು ಯಾವಾಗಲೋ ಇಳಿದು ಹೋಗಿತ್ತು, ಕೋಣೆಯಲ್ಲಿ ಮಬ್ಬು ಕವಿದಿತ್ತು. ಕಾಕಾ ಅದನ್ನು ಗಮನಿಸಲಿಲ್ಲ, ನಾನು ನೆನಪಿಸಲಿಲ್ಲ.

ಆಮೇಲೆ ಟವೆಲಿನ ಮರೆಯಲ್ಲಿ ಬೆರಳುಗಳ ಜಗಳ ನಿಂತಿತು. ಕಾಕಾನ ಒಣಗಿದ, ಅರಿಸಿನದ ಬಣ್ಣ ಇನ್ನೂ ಉಗುರಿನಿಂದ ಹೋಗದ ಕೈ ನನ್ನ ಇಡೀ ಹಸ್ತವನ್ನು ಗಟ್ಟಿಯಾಗಿ ಹಿಡಿಯಿತು. ಹಸ್ತ ಹಿಡಿದರೆ ಸೌದಾ ಮುಗಿದಂತೆ. ಅಣ್ಣಾನ ಜೊತೆ ಈ ವಿಷಯದಲ್ಲಿ ಒಮ್ಮೆಯೂ ಆಗದ ಕೆಲಸ ಅದು. ಎಲ್ಲ ಮುಗಿಸಿಬಿಟ್ಟರೇ?

"ಸೌದಾ ಆತೇನ್ರಿ ಕಾಕಾ? ಯಾವದು ಗೆದ್ದತು?"

ಕಾಕಾ ಟವೆಲಿನ ಕಡೆಗೇ ನೋಡುತ್ತಿದ್ದರು. ಕೈ ಬಿಡಲಿಲ್ಲ.

"ಸೌದಾ ಅಲ್ಲ, ಮಗಳ," ಎಂದರು. "ಸುಮ್ನ ಹಿಡದೇನಿ."